ತಮ್ಮನ ಹೆಸರಿನ ನದಿ

ಹಾರ್ಬೆಕ್ ಕ್ರಾಸಿಂಗ್,
ಫೆಬ್ರವರಿ ಹನ್ನೊಂದು, ಭಾನುವಾರ ಮಧ್ಯಾಹ್ನ

ಪ್ರೀತಿಯ ಡಲ್ಸಿ ಅಕ್ಕನಿಗೆ,

ಹೇಗಿದ್ದೀಯ? ಡಯಾಲಿಸಿಸ್ ಆದ ದಿನ ಕೈಕಾಲು ಸೆಳೆಯುತ್ತದೆ ಎಂದಿದ್ದೆಯಲ್ಲ, ಈಗ ಕಡಿಮೆಯೇ? ಆಸ್ಪತ್ರೆಯ ಊಟ ಸಪ್ಪೆಯೆಂದು ಹಟ ಮಾಡಬೇಡ, ತಿನ್ನು. ನಾನು ಇದ್ದೇನೆ. ಸೆಕೆಗೆ ನಿದ್ದೆಯಿಲ್ಲ, ಮಂಡಿ ಮಾತು ಕೇಳುವುದಿಲ್ಲ, ಕುಳಿತಲ್ಲಿಂದ ಏಳುವುದೇ ಒಂದು ಕೆಲಸವಾಗಿದೆ.

ನದಿ ಈ ಬೇಸಿಗೆಯೂ ತುಂಡುತುಂಡಾಗಿದೆ. ಗುಡ್ಡದ ಬುಡದಲ್ಲೊಂದು ಮಡು, ಹಳೇ ಸೇತುವೆಯ ಕೆಳಗೊಂದು, ನಡುವೆ ಬರೀ ಮರಳು. ಸಮುದ್ರ ಸೇರುವ ಬಾಯಿಗೆ ಮರಳದಿಣ್ಣೆ ಕಟ್ಟಿಕೊಂಡಿದೆ. ನೀರು ಅಡಿಯಲ್ಲಿ ಹರಿಯುತ್ತದೆಂದು ಅಮ್ಮ ಹೇಳುತ್ತಿದ್ದಳಲ್ಲ, ಮೊನ್ನೆ ಕೈಯಿಂದ ತೋಡಿ ನೋಡಿದೆ. ಮೊಣಕೈ ಆಳಕ್ಕೆ ತಣ್ಣಗೆ ಸಿಕ್ಕಿತು.

ಹೊಸ ಸೇತುವೆ ಬರುತ್ತಿದೆ ಅಕ್ಕ. ಅದರ ಹಲಗೆಯ ಮೇಲೆ ನದಿಗೆ ನಕ್ಷೆಯಲ್ಲಿರುವ ಹಾರ್ಬೆಕ್ ಎನ್ನುವ ಹೆಸರಿನ ಜೊತೆಗೆ, ಬಿಳಿಯರು ಬರುವ ಮೊದಲಿನಿಂದ ನಮ್ಮವರು ಕರೆಯುವ ಹೆಸರನ್ನೂ ಬರೆಯುತ್ತಾರಂತೆ. ಹಾರ್ಬೆಕ್ ಹಿಂದಿನ ಕಾಲದ ಯಾರೋ ದೊಡ್ಡ ಅಧಿಕಾರಿ. ಅವನ ಕೈಕೆಳಗಿನ ಸರ್ವೆಯವನು ಇದೇ ಮಡುವಿನಲ್ಲಿ ಕುದುರೆಗೆ ನೀರು ಕುಡಿಸಿ, ನಕ್ಷೆಯ ಮೇಲೆ ಯಜಮಾನನ ಹೆಸರು ಬರೆದು ಹೋದ. ಯಜಮಾನ ಈ ಕಡೆ ತಲೆ ಹಾಕಿದವನೇ ಅಲ್ಲ.

ಬುಧವಾರ ನಕ್ಷೆ ಕಚೇರಿಯ ಹುಡುಗಿ ನಮ್ಮವರನ್ನೆಲ್ಲ ಕೂರಿಸಿ, ಚಹಾ ಕೊಟ್ಟು, ನದಿಯ ಹಳೇ ಹೆಸರು ಕೇಳಿದಳು. ಯಾರು ಹೇಳುತ್ತಾರೆ? ಅಪ್ಪ ಆ ಹೆಸರನ್ನೇ ತಮ್ಮನಿಗೆ ಇಟ್ಟಿದ್ದ. ತಮ್ಮನನ್ನು ಮಣ್ಣು ಮಾಡಿ ಒಂದೇ ಚಳಿಗಾಲ ಕಳೆದಿದೆ. ಸತ್ತವರ ಹೆಸರು ಬಾಯಲ್ಲಿ ಬಂದರೆ ಅವರು ಹೊರಟ ದಾರಿಯಲ್ಲೇ ತಿರುಗಿ ನಿಲ್ಲುತ್ತಾರೆಂದು ಕೇಳಿ ಬೆಳೆದವರು ನಾವು. ಅಂದಿನಿಂದ ನದಿಯನ್ನೂ 'ಅದು' ಎಂದೇ ಅನ್ನುತ್ತಿದ್ದೇವೆ. ಕಾರಣ ಹೇಳೋಣವೆಂದರೆ ಅವನ ಮಗಳು ಎದುರಿಗೇ ಕುಳಿತಿದ್ದಳು. ಎಲ್ಲರೂ ಕಿಟಕಿಯಾಚೆಯ ನದಿಯ ಕಡೆ ಗದ್ದ ಚಾಚಿ ತೋರಿಸಿದರು, ಅಷ್ಟೇ. ನಿನ್ನ ಗಂಡ ಮಾತ್ರ ಸುಮ್ಮನಿರುವವನೇ?

"ಹೆಸರು ಕೂಗಿದ್ರೆ ಬರೋಕೆ ಅದೇನು ನಾಯಿಯೇನಮ್ಮ? ಬಿಸ್ಕತ್ತು ಈ ಕಡೆ ತಳ್ಳು" ಅಂದ ಮರ್ವ್ ಭಾವ.

ಎಲ್ಲರೂ ನಕ್ಕರು. ಹುಡುಗಿಯೂ ನಕ್ಕು, ನನ್ನ ಕಡೆ ತಿರುಗಿ, "ನಿಮಗೂ ನೆನಪಿಲ್ವಾ ಆಂಟಿ?" ಅಂದಳು. ಇಲ್ಲವೆಂದು ತಲೆಯಾಡಿಸಿದೆ. ಯಾರಿಗೂ ನೆನಪಿಲ್ಲ ಎಂದು ಬರೆದುಕೊಂಡಳು. ಪಾಪ, ಒಳ್ಳೆಯ ಹುಡುಗಿ. ನೆನಪಿಲ್ಲದಿದ್ದರೆ ನಾನು ಇಷ್ಟು ದಣಿಯುತ್ತಿರಲಿಲ್ಲ.

ಭಾವ ಚೆನ್ನಾಗಿದ್ದಾನೆ, ತೆಳ್ಳಗಾಗಿದ್ದಾನೆ. ಮಕ್ಕಳೆಲ್ಲ ನಿನ್ನನ್ನು ಕೇಳಿದರು. ಮಡುವಿನ ನೀರು ನಿನ್ನ ಕಾಲು ತೊಳೆಯಲು ದಾರಿ ನೋಡುತ್ತಿರಲಿ.

ನಿನ್ನ ತಂಗಿ,
ನೋಲಾ

ಇನ್ನೊಂದು ಮಾತು: ಹುಡುಗಿ ಶುಕ್ರವಾರ ಕಡೆಯ ಸಲ ಬರುತ್ತಾಳೆ, ಆಮೇಲೆ ಹಲಗೆ ಬರೆಯಲು ಕೊಡುತ್ತಾರೆ. ಇದನ್ನು ನಾಳೆ ಆಸ್ಪತ್ರೆಯ ವ್ಯಾನಿನಲ್ಲಿ ಕಳಿಸುತ್ತೇನೆ, ಫೋನಿನಲ್ಲಿ ಕೇಳಲು ಬಾಯಿ ಬರಲಿಲ್ಲ. ನಮ್ಮಲ್ಲಿ ಹಿರಿಯಳು ನೀನು. ಆ ಹೆಸರನ್ನು ಮತ್ತೆ ಮೊದಲು ಹೇಳಬೇಕಾದವಳು ನೀನೇ, ನೀನು ಹೇಳಿದ ಮೇಲೆಯೇ ನಾವು ಹೇಳಬಹುದು. ಮನಸ್ಸು ಬಂದರೆ ಫೋನ್ ಮಾಡಿ ಒಂದೇ ಸಲ ತಮ್ಮನನ್ನು ಹೆಸರು ಹಿಡಿದು ಕರೆ, ನಾನು ಕೇಳಿಸಿಕೊಳ್ಳುತ್ತೇನೆ. ಮನಸ್ಸು ಬಾರದಿದ್ದರೆ ಬೇಡ ಅಕ್ಕ. ಹಲಗೆಯಲ್ಲಿ ಒಂದು ಹೆಸರಿನಷ್ಟು ಜಾಗ ಖಾಲಿ ಬಿಡಮ್ಮ ಎಂದು ಆ ಹುಡುಗಿಯನ್ನು ಕೇಳುತ್ತೇನೆ.