ಅಟ್ಟದ ಮಸಿ

ಮಾರ್ಚ್ 4, ಸೋಮವಾರ

ಪಬ್ಬಿನ ಗ್ಲಾಸು ತೊಳೆಯುವ ಶಾಸ್ತ್ರ ಮುಗಿಯಿತು. ಬಳಿಕ ಬಾಗಿಲ ಪಕ್ಕದ ತಗ್ಗು ತೊಲೆಗೆ ನಾನೇ ಬರೆದ ತಮಾಷೆಯ ಫಲಕ ಹೊಡೆದೆ: 'ಇಲ್ಲಿ ರಾಜನೊಬ್ಬನ ಹಣೆಗೆ ಪೆಟ್ಟಾಯಿತು. ಮೌನವಿರಲಿ.' ಯಾವ ರಾಜ? ಇತಿಹಾಸ ಬಾಯಿ ಬಿಡುತ್ತಿಲ್ಲ. ಇಬ್ಬರು ಪ್ರವಾಸಿಗರು ಆಗಲೇ ಟೋಪಿ ತೆಗೆದರು.

ಆದರೆ ಮೊಳೆ ಹೊಡೆದಾಗ ಸದ್ದು ವಿಚಿತ್ರ — ಡಬ್ಬ ಬಡಿದ ಹಾಗೆ. ಪಬ್ ನಡೆಸುವ ಕ್ಲೆಮ್ ಚಿಕ್ಕಪ್ಪನನ್ನು ಕೇಳಿದೆ.

"ಮೆತ್ತಗೆ ಮಾತಾಡೇ! ಒಳಗೆ ಪೊಳ್ಳು. ಹಲಗೆ ಜೋಡಿಸಿ ಟಾರು ಬಳಿದಿದ್ದು ನಮ್ಮಪ್ಪ. ಗಿರಾಕಿಗಳಿಗೆ ಹಳೇದು ಬೇಕಿತ್ತಲ್ಲ."

ಅರವತ್ತು ವರ್ಷದಿಂದ ಊರಿಗೆ ಊರೇ ಡಬ್ಬಕ್ಕೆ ತಲೆಬಾಗುತ್ತಿದೆ. ನಾನೂ.

ಮಾರ್ಚ್ 6, ಬುಧವಾರ

ನಗು ಬಂದ್. ಕಟ್ಟಡದ ಒಡೆತನ ಇರುವ ಕಂಪನಿ ಇದನ್ನು ಕೆಡವಿ ಹೊಸ ಮನೆಗಳನ್ನು ಕಟ್ಟುತ್ತದಂತೆ. ನಾಳೆ ಹಳೆಯ ಕಟ್ಟಡಗಳ ಪರೀಕ್ಷಕಿ ಬರುತ್ತಾಳೆ. ನಿಜಕ್ಕೂ ಪುರಾತನ ಎಂದು ಬರೆದರೆ ಯಾರೂ ಕೈ ಹಚ್ಚುವಂತಿಲ್ಲ.

ಮುಂದಿನ ಇಟ್ಟಿಗೆ ಗೋಡೆ ಅಂಥ ಹಳೆಯದಲ್ಲ. ತೊಲೆ ಡಬ್ಬ. ಹಾಗಾದರೆ ಹಳೆಯದು ಎಲ್ಲಿದೆ? ಹಿತ್ತಿಲಿಂದ ನೋಡಿದರೆ ಇಳಿಜಾರು ಮಾಡು ಮಾತ್ರ ವಿಪರೀತ ಎತ್ತರ. ಅಷ್ಟೆತ್ತರದಲ್ಲಿ ಏನಿಟ್ಟಿದ್ದಾರೆ?

"ಅಟ್ಟದ ಸುದ್ದಿ ಬೇಡ ಕಣೇ" ಎಂದ ಚಿಕ್ಕಪ್ಪ. ಬಕೆಟ್ಟು ಹುಡುಕತೊಡಗಿದ...

ಮಾರ್ಚ್ 7, ಗುರುವಾರ, ಮಧ್ಯಾಹ್ನ

ಪರೀಕ್ಷಕಿ ಮಿಸ್ ಥ್ವೇಟ್ ಬಂದಳು. ಫಲಕ ಓದಿದಳು. ತೊಲೆ ತಟ್ಟಿದಳು.

"ಯಾವ ರಾಜ?"

"ಹೆಸರು ಹೇಳದೇ ಹೋದ್ರು, ಮೇಡಂ."

"ಇಲ್ಲಿ ಇನ್ನೇನೇನು ಸುಳ್ಳಿದೆ?" ಚೀಲ ಮುಚ್ಚಿಯೇಬಿಟ್ಟಳು. ನನ್ನ ಹಾಸ್ಯಕ್ಕೆ ಪಬ್ ಬಲಿ! — ಅಷ್ಟರಲ್ಲಿ ಮೇಲಿಂದ ಅವಳ ತೋಳಿನ ಮೇಲೆ ಟಪ್ ಎಂದು ಕಪ್ಪು ನೀರು.

ಏಣಿ ಹತ್ತಿದೆವು. ಅಟ್ಟದಲ್ಲಿ ಚಿಕ್ಕಪ್ಪ, ಕೈಯಲ್ಲಿ ಬ್ರಷ್ಷು, ಮುಖವೆಲ್ಲ ಮಸಿ.

"ನಾಚ್ಕೆ ಆಗುತ್ತೆ ಮೇಡಂ. ತಾತನ ಕಾಲದಲ್ಲಿ ಬೆಂಕಿ ಬಿದ್ದಿರ್ಬೇಕು. ನೀವು ಬರೋದ್ರೊಳಗೆ ತೊಳೆಯೋಣ ಅಂತ..."

"ಬ್ರಷ್ ಕೆಳಗಿಡಿ!" ಮಿಸ್ ಥ್ವೇಟಳ ಆ ಸಣ್ಣ ದೇಹದಿಂದ ಅಷ್ಟು ದೊಡ್ಡ ಗಂಟಲು! "ಬೆಂಕಿ ಬಿದ್ದಿದ್ದಲ್ಲ ರೀ ಇದು. ಚಿಮಣಿ ಇಲ್ಲದ ಕಾಲ. ನೆಲದ ನಡುವೆ ಒಲೆ, ಹೊಗೆಯೆಲ್ಲ ಮಾಡಿಗೆ. ಐನೂರು ವರ್ಷದ ಮಸಿ! ಅದನ್ನ ಸೋಪು ಹಾಕಿ ತೊಳೀತಿದೀರಾ?"

"ಸ್ವಲ್ಪಾನೇ ಹಾಕಿದ್ದು" ಎಂದ ಪಾಪ.

ಅರ್ಧ ಮಾಡು ಬಿಳಿಚಿಕೊಂಡಿದೆ. ಉಳಿದರ್ಧ ಪುರಾವೆಗೆ ಸಾಕೇ? ಅವಳು ಟಾರ್ಚ್ ಹಿಡಿದು ಮೂಲೆಗೆ ತೆವಳಿದಳು. ಹಿಂದೆ ನಾನು. ಒಂದು ಮೊಳೆಯೂ ಇಲ್ಲ — ಮರಕ್ಕೆ ಮರದ ಗೂಟ. ಮುಟ್ಟಬೇಡ ಎಂದಳು. ಮೂಸಿದೆ. ಅಂದು ಯಾರು ಏನು ಬೇಯಿಸಿದರೋ?

ಮಾರ್ಚ್ 29, ಶುಕ್ರವಾರ

ಮಿಸ್ ಥ್ವೇಟಳ ಫೋನ್ ಬಂತು. ಉಳಿದ ಮಸಿ ಸಾಕಂತೆ. ಕೆಡವುವಂತಿಲ್ಲ!

ತೊಳೆದ ಚಿಕ್ಕಪ್ಪನೇ ಈಗ ಮಸಿಯ ಮಹಾರಕ್ಷಕ. ಕಾನೂನು ಹೊರಡಿಸಿದ್ದಾನೆ: ಮುಟ್ಟಬಾರದು, ಜೋರಾಗಿ ಉಸಿರಾಡಬಾರದು, ಸೀನಿದವರಿಗೆ ಇಲ್ಲಿ ಜೀವಮಾನವಿಡೀ ಬಿಯರ್ ಇಲ್ಲ. ಊರವರನ್ನು ಅಟ್ಟಕ್ಕೆ ಕರೆದೊಯ್ದಿದ್ದಾನೆ. ಭಾಷಣ ಇಲ್ಲಿಗೂ ಕೇಳಿಸುತ್ತಿದೆ. ಈಗ ನಿಂತಿತು. ಯಾರೋ ಸೀನಲು ಮೂಗೆಳೆದ ಸದ್ದು. ಅವನೇ. ಅಯ್ಯೋ ಚಿಕ್ಕಪ್ಪ, ಮೂಗು ಹಿಡಿ, ಮೂಗು—