ಗೋಡೆಗೆ ನೇತುಹಾಕಿದ ಕೋಲು

ತಾರೀಖು ಹನ್ನೊಂದು, ಮಂಗಳವಾರ

ಪ್ರೀತಿಯ ಮಾಮನಿಗೆ ನಿಮ್ಮ ಮಿಡತೆ ಮಾಡುವ ನಮಸ್ಕಾರಗಳು.

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ನನ್ನ ಅಕ್ಷರದ ಅವತಾರ ನಿಮಗೆ ಗೊತ್ತೇ ಇದೆ. ನಾಲ್ಕನೇ ಕ್ಲಾಸಿಗೆ ಸ್ಲೇಟು ಕೆಳಗಿಟ್ಟವಳು ಆಮೇಲೆ ಮುಟ್ಟಲಿಲ್ಲ. ತಪ್ಪು ಕಂಡ ಕಡೆ ನೀವೇ ತಿದ್ದಿಕೊಂಡು ಓದಿ. ಕಾಗದವೂ ಒಳ್ಳೆಯದಲ್ಲ, ಅಂಗಡಿಯಲ್ಲಿ ಕಾಲರಿನ ಅಳತೆ ಕತ್ತರಿಸುವ ಕಂದು ಕಾಗದ. ಊಟದ ಬಿಡುವಿನಲ್ಲಿ ಬಟ್ಟೆ ಥಾನುಗಳ ಹಿಂದೆ ಕೂತು ಬರೆಯುತ್ತಿದ್ದೇನೆ. ಮನೆಯಲ್ಲಿ ಬರೆದರೆ ಯಾರಿಗೆ, ಏನು ಎಂದು ಅಮ್ಮ ಕೇಳುತ್ತಾಳೆ. ಫೋನು ಅವಳ ಕೈಯಲ್ಲೇ ಇರುತ್ತದೆ. ನನ್ನ ಕೈಗೆ ಸಿಕ್ಕರೂ ಇಂಥದ್ದನ್ನೆಲ್ಲ ಬಾಯಿಬಿಟ್ಟು ಹೇಳಲು ನನಗೆ ಬರುವುದಿಲ್ಲ.

ಮಾಮ, ನನಗೆ ಒಂದು ಕೋಲು ಬೇಕು.

ಇಷ್ಟೇ ಬರೆದು ಲಕೋಟೆ ಅಂಟಿಸೋಣ ಎಂದುಕೊಂಡಿದ್ದೆ. ಆದರೆ ಅಮ್ಮ ಯಾತ್ರೆಯ ವಿಷಯ ನಿಮಗೆ ಆಗಲೇ ಹೇಳಿದ್ದಾಳೆ. ಕಾಲು ಸರಿಹೋದ ಹುಡುಗಿಗೆ ಕೋಲು ಯಾಕೆ ಎಂದು ನೀವು ಕೇಳುತ್ತೀರಿ. ಕೇಳಿದರೆ ನಾನು ಮತ್ತೆ ಸುಳ್ಳು ಹೇಳಬೇಕಾಗುತ್ತದೆ. ಹಾಗಾಗಿ ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ನಮ್ಮ ಚರ್ಚಿನ ಯುವಸಂಘದಿಂದ ಮೂವತ್ತಾರು ಜನ ಒಂದೇ ಬಸ್ಸಿನಲ್ಲಿ ಹೋದೆವು. ಹುಡುಗಿಯರ ಜೊತೆಗೆ ಹಿರಿಯ ಹೆಂಗಸೊಬ್ಬರು ಇರಲಿ ಎಂದು ಫಾದರ್ ಹೇಳಿದ್ದರಿಂದ ಅಮ್ಮನೂ ಬಂದಳು. ಸಂಘದ ಅಧ್ಯಕ್ಷನಿಗೆ ನಾವು ಮೈಕಣ್ಣ ಅನ್ನುತ್ತೇವೆ. ಬಸ್ಸಿನಲ್ಲಿ ಪಕ್ಕದ ಸೀಟಿನವರನ್ನು ಮಾತಾಡಿಸುವುದಕ್ಕೂ ಅವನಿಗೆ ಮೈಕ್ ಬೇಕು. ಮನುಷ್ಯ ಕೆಟ್ಟವನಲ್ಲ. ಒಬ್ಬರಿಗೂ ನೀರು ಕಡಿಮೆಯಾಗದ ಹಾಗೆ ನೋಡಿಕೊಂಡ.

ಆ ಪುಣ್ಯಕ್ಷೇತ್ರದಲ್ಲಿ ಮಾತೆಯ ಗುಡಿಗೆ ತೊಂಬತ್ತು ಮೆಟ್ಟಿಲು. ಅವನ್ನು ಮೊಣಕಾಲಿನ ಮೇಲೆ ಹತ್ತಬೇಕು. ಎರಡೂ ಕೈ ಊರಬೇಕಾದ್ದರಿಂದ ಎಲ್ಲರೂ ಚಪ್ಪಲಿ, ಚೀಲಗಳನ್ನು ಕೆಳಗೇ ಬಿಡುತ್ತಾರೆ. ನಾನು ಕೋಲನ್ನೂ ಬಿಟ್ಟೆ. ಮಾಮ, ಒಂದು ಮಾತು ಹೇಳಲೇ? ಆ ಮೆಟ್ಟಿಲ ಮೇಲೆ ಎಲ್ಲರೂ ನನ್ನ ಹಾಗೇ ಇದ್ದರು. ಎದ್ದು ನಡೆಯುವವರು ಒಬ್ಬರೂ ಇರಲಿಲ್ಲ. ಕೈ ಊರಿ ಮೈ ಎಳೆದುಕೊಳ್ಳುವುದು ಅವರಿಗೆ ಹೊಸದು, ನನಗೆ ಚಿಕ್ಕಂದಿನಿಂದ ಬಂದ ವಿದ್ಯೆ. ಇಪ್ಪತ್ತು ಮೆಟ್ಟಿಲಾಗುವಷ್ಟರಲ್ಲಿ ಹುಡುಗರೆಲ್ಲ ಏದುಸಿರು ಬಿಡುತ್ತಾ ಕೂತರು. ನಾನು ಹಿಂತಿರುಗಿ ನೋಡಿದೆ, ಎಲ್ಲರೂ ನನ್ನ ಹಿಂದೆ ಇದ್ದರು. ಅಷ್ಟು ಸಂತೋಷ ನನಗೆ ಯಾವತ್ತೂ ಆಗಿರಲಿಲ್ಲ. ಪ್ರಾರ್ಥನೆ ಮಾಡುವುದನ್ನೂ ಮರೆತು ಹತ್ತಿದೆ.

ಮೇಲೆ ಹೋದಾಗ ನನ್ನ ಹತ್ತಿರ ಯಾರೂ ಇರಲಿಲ್ಲ. ಕಂಬ ಹಿಡಿದು ಎದ್ದು ನಿಂತೆ. ಕಂಬದಿಂದ ಮಾತೆಯ ಮುಂದಿನ ಕಟಕಟೆಗೆ ನಾಲ್ಕು ಹೆಜ್ಜೆ. ಮನೆಯಲ್ಲಿ ಮಂಚದಿಂದ ಒಲೆಯವರೆಗೂ ಅಷ್ಟೇ ದೂರ. ತೊಡೆಗೆ ಕೈ ಒತ್ತಿಕೊಂಡು ದಿನಾ ಅದನ್ನು ದಾಟುತ್ತೇನಲ್ಲ, ಇಲ್ಲೂ ಹಾಗೇ ದಾಟಿದೆ. ಅಷ್ಟೇ ಆದದ್ದು ಮಾಮ. ಬೆಳಕೂ ಕಾಣಲಿಲ್ಲ, ಬಿಸಿಯೂ ತಾಗಲಿಲ್ಲ.

ಆದರೆ ಸಂಘದವರು ಕೋಲಿಲ್ಲದೆ ನನ್ನನ್ನು ಒಂದು ದಿನವೂ ನೋಡಿದವರಲ್ಲ. ಮೈಕಣ್ಣ ಮೇಲಿನ ಮೆಟ್ಟಿಲಿಗೆ ತಲೆ ಎತ್ತಿದಾಗ ಕಂಡದ್ದು ನನ್ನ ನಾಲ್ಕನೇ ಹೆಜ್ಜೆ. ಮೈಕ್ ಇಲ್ಲದೆಯೇ ಅವನು ಕೂಗಿದ್ದು ಕೆಳಗಿನ ಬಸ್ಸಿನವರಿಗೂ ಕೇಳಿತು. "ನಡೆದ್ಲು! ಅವಳು ನಡೆದ್ಲು!"

ಎಲ್ಲರೂ ಅಳುತ್ತಿದ್ದರು, ಹಾಡುತ್ತಿದ್ದರು. ಅಷ್ಟರಲ್ಲಿ ಕೆಳಗಿನಿಂದ ನನ್ನ ಕೋಲು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಮೇಲೇರಿ ಬಂತು. ಕಾಲು ನಡುಗುತ್ತಿತ್ತು. ಸದ್ಯ ಬಂತಲ್ಲ ಎಂದು ಕೈ ಚಾಚಿದೆ. ಕೋಲು ನನ್ನ ತಲೆಯ ಮೇಲೆಯೇ ದಾಟಿ ಹೋಯಿತು. ಅಲ್ಲಿ ಒಂದು ಗೋಡೆ ಇದೆ. ವಾಸಿಯಾದವರು ಬಿಟ್ಟುಹೋದ ಕೋಲು, ಊರುಗೋಲುಗಳನ್ನೆಲ್ಲ ಅದಕ್ಕೆ ನೇತುಹಾಕುತ್ತಾರೆ. ಎರಡನೇ ಸಾಲಿನಲ್ಲಿ ಒಂದು ಮೊಳೆ ಖಾಲಿ ಇತ್ತು. ನೀವು ನನ್ನ ಹೆಬ್ಬೆರಳಿಗೆಂದೇ ಹಿಡಿಯಲ್ಲಿ ಗುಳಿ ತೋಡಿ, ತುದಿಗೆ ಸೈಕಲ್ ಟಯರಿನ ತುಂಡು ಬಡಿದು ಕೊಟ್ಟ ಕೋಲು ಈಗ ಅಲ್ಲಿದೆ. ನೀಲಿ ರಿಬ್ಬನ್ ಕಟ್ಟಿದ್ದಾರೆ. ನೀವು ಮಾಡಿಕೊಟ್ಟ ನಾಲ್ಕರಲ್ಲಿ ನನ್ನ ಕೈಗೆ ಒಗ್ಗಿದ್ದು ಅದೊಂದೇ.

ಅಮ್ಮನಿಗಾದರೂ ಗೊತ್ತಾಗುತ್ತದೆ ಎಂದುಕೊಂಡೆ. ಮಂಚದಿಂದ ಒಲೆಗೆ ನಾನು ಹೋಗುವುದನ್ನು ದಿನಾ ನೋಡುವವಳು ಅವಳು. ಆದರೆ ಎಲ್ಲರಿಗಿಂತ ಜೋರಾಗಿ ಅತ್ತವಳು ಅವಳೇ. ಬಂದು ನನ್ನ ಮುಖ ಹಿಡಿದುಕೊಂಡು, "ನಡೆದ್ಯಾ ಮಗಳೇ? ನಿಜ ಹೇಳು, ನಡೆದ್ಯಾ?" ಎಂದು ಕೇಳಿದಳು.

ನನ್ನ ಕಾಲು ತಿಂದ ಆ ಜ್ವರ ಬಂದ ದಿನದ ಕಥೆ ನೀವೂ ಕೇಳಿದ್ದೀರಿ. ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ಕೆಲಸಕ್ಕೆ ಅವಳು ಅವತ್ತು ರಜ ಹಾಕಲಿಲ್ಲ. ಯಾರದೋ ಮಕ್ಕಳ ಹಾಸಿಗೆ ಒಗೀತಾ ನಿಂತಿದ್ದೆ, ನನ್ನ ಮಗು ಮನೇಲಿ ಸುಡ್ತಿತ್ತು ಎಂದು ಹದಿನೆಂಟು ವರ್ಷದಿಂದ ಹೇಳಿಕೊಂಡು ಬಂದಿದ್ದಾಳೆ. ಆ ಮುಖಕ್ಕೆ ಇಲ್ಲ ಎಂದು ಹೇಗೆ ಹೇಳಲಿ? ನಡೆದೆ ಅಮ್ಮ ಎಂದೆ. ಆ ಒಂದು ಮಾತಿನಿಂದ ನಾನು ಸಿಕ್ಕಿಕೊಂಡೆ. ಇಳಿಯುವಾಗ ಹುಡುಗರು ನನ್ನನ್ನು ಹೆಗಲ ಮೇಲೆ ಹೊತ್ತುಕೊಂಡರು. ಹಾಗಾಗಿ ಐದನೇ ಹೆಜ್ಜೆ ಹೇಗಿರುತ್ತದೆ ಎಂದು ಯಾರೂ ನೋಡಲಿಲ್ಲ.

ಇದಾಗಿ ಐದು ವಾರ. ಅಮ್ಮ ಈಗ ಜ್ವರದ ಕಥೆ ಹೇಳುವುದಿಲ್ಲ. ಪಾತ್ರೆ ತೊಳೆಯುವಾಗ ಗುನುಗುತ್ತಾಳೆ. ಅವಳಿಗೆ ಹಾಡು ಬರುತ್ತದೆ ಎಂದೇ ನನಗೆ ಗೊತ್ತಿರಲಿಲ್ಲ. ನಾನು ಗೋಡೆ, ಕುರ್ಚಿ, ನೀರಿನ ಡ್ರಮ್ಮು ಹಿಡಿದುಕೊಂಡು ಮನೆಯೊಳಗೆ ಓಡಾಡುತ್ತೇನೆ. ಹೊರಗೆ ಹೋಗುವುದು ಕೊಡೆ ಊರಿಕೊಂಡು. ಬಿಸಿಲು ನೆತ್ತಿ ಒಡೆಯುವಾಗಲೂ ಮಡಿಸಿದ ಕೊಡೆ ನನ್ನ ಕೈಯಲ್ಲಿ. ಹಾಲಿನವನು ಮೊನ್ನೆ, "ಏನಮ್ಮಾ, ಮಳೆ ನಿನಗೆ ಮಾತ್ರ ಹೇಳಿ ಕಳಿಸುತ್ತಾ?" ಎಂದ. ನಕ್ಕುಬಿಟ್ಟೆ. ಒಂದು ಕೊಡೆ ಮುರಿದು ಈಗ ಎರಡನೆಯದು, ಅದರ ನಡುವೂ ಬಾಗಿದೆ.

ಅಂಗಡಿಯಲ್ಲಿ ನನಗೆ ಕೂತು ಅಂಗಿ ಗುಂಡಿಯ ಕಾಜಾ ಹೊಲಿಯುವ ಕೆಲಸವಿತ್ತಲ್ಲ, ಅದು ಹೋಯಿತು. "ಇನ್ನು ನಿನಗೇನು ಧಾಡಿ, ದೇವರೇ ಕಾಲು ಕೊಟ್ಟಾಯ್ತು" ಎಂದು ಯಜಮಾನಿ ಇಸ್ತ್ರಿ ಮೇಜಿಗೆ ಹಾಕಿದ್ದಾರೆ. ಇಡೀ ದಿನ ನಿಂತೇ ಶಾಲೆಯ ಅಂಗಿಗಳಿಗೆ ಇಸ್ತ್ರಿ. ಮೇಜಿಗೆ ಹೊಟ್ಟೆ ಆನಿಸಿಕೊಂಡು ನಿಲ್ಲುತ್ತೇನೆ. ಸಂಜೆಗೆ ಒಳ್ಳೆಯ ಕಾಲೂ ಬಾತುಕೊಂಡಿರುತ್ತದೆ. ಬಸ್ಸಿನಲ್ಲಿ ಮೊದಲು ಕೋಲು ನೋಡಿ ಜನ ಎದ್ದು ಜಾಗ ಕೊಡುತ್ತಿದ್ದರು. ಕೊಡೆ ನೋಡಿ ಯಾರು ಏಳುತ್ತಾರೆ?

ಫಾದರ್ ಮಾತ್ರ ಅವಸರ ಮಾಡಲಿಲ್ಲ. "ಮೊದಲು ಡಾಕ್ಟರಿಗೆ ತೋರಿಸಿ, ಆಮೇಲೆ ಸಂತೋಷಪಡೋಣ" ಎಂದರು. ಅಮ್ಮ ಒಪ್ಪಲಿಲ್ಲ. ಕೊಟ್ಟ ದೇವರನ್ನೇ ಪರೀಕ್ಷೆ ಮಾಡೋದಾ ಫಾದರ್ ಎಂದು ಮಾತು ತೇಲಿಸಿದಳು. ಅವರ ಹತ್ತಿರ ಪಾಪನಿವೇದನೆ ಮಾಡಿದರೆ ಅವರು ಯಾರಿಗೂ ಹೇಳುವುದಿಲ್ಲ, ಅದು ನನಗೆ ಗೊತ್ತು. ಆದರೆ ನೀನೇ ಹೋಗಿ ಅಮ್ಮನಿಗೆ ಹೇಳು ಅನ್ನುತ್ತಾರೆ. ಅದಕ್ಕೇ ಐದು ವಾರದಿಂದ ಪಾಪನಿವೇದನೆಗೆ ಹೋಗಿಲ್ಲ. ಅದಿಲ್ಲದೆ ಪರಮಪ್ರಸಾದ ತೆಗೆದುಕೊಳ್ಳುವ ಹಾಗಿಲ್ಲ, ಎಲ್ಲರೂ ಅದಕ್ಕೆ ಎದ್ದು ಹೋಗುವಾಗ ಕೊನೆಯ ಬೆಂಚಿನಲ್ಲಿ ತಲೆ ತಗ್ಗಿಸಿ ಕೂರುತ್ತೇನೆ. ಎಷ್ಟು ಭಕ್ತಿ ಎಂದು ಜನ ಮಾತಾಡಿಕೊಳ್ಳುತ್ತಾರೆ.

ನನ್ನೊಬ್ಬಳ ನೋವಾಗಿದ್ದರೆ ಹೇಗೋ ಹಲ್ಲು ಕಚ್ಚಿಕೊಂಡು ಕೊಡೆಯಲ್ಲೇ ಜೀವಮಾನ ಕಳೆಯುತ್ತಿದ್ದೆ. ಆದರೆ ಹಿಂದಿನ ಬೀದಿಯಲ್ಲಿ ಒಬ್ಬ ಹೆಂಗಸು ಇದ್ದಾಳೆ. ಅವಳ ಆರು ವರ್ಷದ ಮಗಳಿಗೆ ಕಬ್ಬಿಣದ ಪಟ್ಟಿಯ ಬೂಟು. ಆ ಬೂಟು ಹಾಕಿಕೊಂಡು ಮಗು ಟಕ್ ಟಕ್ ಎಂದು ಶಾಲೆಗೆ ಹೋಗುತ್ತದೆ. ಹೋದ ಶುಕ್ರವಾರ ಆ ತಾಯಿ ಮಗುವನ್ನು ಕರೆದುಕೊಂಡು ಬಂದು ನನ್ನ ಎರಡೂ ಕೈ ಹಿಡಿದುಕೊಂಡು, "ನಿನ್ನ ನೋಡಿ ಧೈರ್ಯ ಬಂತು ಕಣಮ್ಮ. ಮುಂದಿನ ಯಾತ್ರೆಗೆ ಮಗೂನ ಕರ್ಕೊಂಡು ಹೋಗಿ ಬೂಟನ್ನ ಅಲ್ಲೇ ಬಿಟ್ಟು ಬರ್ತೀನಿ" ಎಂದಳು. ಮಗು ನನ್ನ ಕಾಲನ್ನೇ ನೋಡುತ್ತಿತ್ತು. ಮಕ್ಕಳಿಗೆ ಮೋಸ ಮಾಡುವುದು ಕಷ್ಟ ಮಾಮ. "ಅಕ್ಕ, ನಿಂಗೆ ನೋವಾಗಲ್ವಾ?" ಎಂದು ಕೇಳಿತು. ನಾನು ಕೊಡೆಯನ್ನು ಸೀರೆಯ ಮರೆಗೆ ಸರಿಸಿದೆ.

ಮುಂದಿನ ಯಾತ್ರೆಗೆ ಹೆಸರು ಬರೆಸುವುದು ಈ ಭಾನುವಾರ ಬಿಟ್ಟು ಅದರ ಮುಂದಿನ ಭಾನುವಾರ. ಅವತ್ತು ಪೂಜೆ ಮುಗಿದ ಮೇಲೆ ನಾನು ಬಾಗಿಲಿನಿಂದ ಪೀಠದವರೆಗೆ ಎಲ್ಲರ ಎದುರು ನಡೆದು ಹೋಗಿ ಸಾಕ್ಷಿ ಹೇಳಬೇಕಂತೆ. ಏನು ಹೇಳಬೇಕೆಂದು ಮೈಕಣ್ಣ ಬರೆದೂ ಕೊಟ್ಟಿದ್ದಾನೆ. ಬಾಗಿಲಿನಿಂದ ಪೀಠಕ್ಕೆ ಇಪ್ಪತ್ತಾರು ಹೆಜ್ಜೆ, ಖಾಲಿ ಇದ್ದಾಗ ಹೋಗಿ ಎಣಿಸಿದೆ. ನನ್ನಿಂದ ಆಗುವುದು ನಾಲ್ಕು.

ಆ ಇಪ್ಪತ್ತಾರನ್ನೂ ಕೋಲು ಊರಿಕೊಂಡು ನಡೆಯಬೇಕೆಂದಿದ್ದೇನೆ. ಬಾಯಿಗೆ ಮಾತು ಬಾರದಿದ್ದರೂ ಪರವಾಗಿಲ್ಲ, ಕೋಲು ಕಂಡರೆ ಆ ಹೆಂಗಸಿಗೆ ಅರ್ಥವಾಗುತ್ತದೆ. ಅಮ್ಮನ ಮುಖವನ್ನು ಮಾತ್ರ ಹೇಗೆ ನೋಡಲಿ ಎಂದು ಗೊತ್ತಿಲ್ಲ. ಅವಳ ಹಾಡು ನಿಂತುಹೋದರೆ ನಿಲ್ಲಿಸಿದವಳು ನಾನೇ ಆಗುತ್ತೇನೆ.

ಆದ್ದರಿಂದ ಕೋಲನ್ನು ಅಂಗಡಿಯ ವಿಳಾಸಕ್ಕೆ ಕಳಿಸಿ, ಮನೆಗೆ ಬೇಡ. ಅಮ್ಮನ ಕಿವಿಗೆ ಹಾಕಬೇಡಿ. ಟೇಪು ಹಿಡಿದು ಅಳೆದರೆ ಕೋಲು ಕೈಗೆ ಕೂರಲ್ಲ, ದಾರವೇ ಆಗಬೇಕು ಎಂದು ನೀವು ಹೇಳುತ್ತಿದ್ದಿರಲ್ಲ. ಮಣಿಕಟ್ಟಿನಿಂದ ನೆಲದವರೆಗಿನ ದಾರವನ್ನು ನಾಳೆ ಬೆಳಿಗ್ಗೆ ತೆಗೆದು ಇದರೊಳಗೆ ಇಡುತ್ತೇನೆ. ಅಮ್ಮ ಆ ಹೊತ್ತಿಗೆ ನಲ್ಲಿಗೆ ಹೋಗಿರುತ್ತಾಳೆ. ಹೆಬ್ಬೆರಳಿನ ಗುಳಿ ಮರೆಯಬೇಡಿ.

ಅತ್ತೆಯನ್ನು ಕೇಳಿದೆ ಎಂದು ಹೇಳಿ. ನನ್ನ ಮೇಲೆ ಬೇಸರ ಮಾಡಿಕೊಂಡರೂ ಕೋಲು ಮಾಡುವಾಗ ಅದನ್ನು ಪಕ್ಕಕ್ಕಿಡಿ.

ಸಿಕ್ಕಿಕೊಂಡಿರುವ ನಿಮ್ಮ
ಮಿಡತೆ

ಇನ್ನೊಂದು ಮಾತು, ಬುಧವಾರ ಬೆಳಿಗ್ಗೆ ಬರೆದದ್ದು:

ದಾರ ಇದರ ಜೊತೆಗಿದೆ. ಒಂದು ಕೈಯಲ್ಲಿ ಬಾಗಿಲ ಚೌಕಟ್ಟು ಹಿಡಿದು ಇನ್ನೊಂದರಿಂದ ಇಳಿಬಿಟ್ಟೆ. ತುದಿ ನೆಲ ಮುಟ್ಟಿತೇ ಎಂದು ನೋಡಲು ಬಗ್ಗಿದರೆ ಮೇಲಿನಿಂದ ಜಾರುತ್ತಿತ್ತು. ಮೂರು ಸಲ ಹೀಗೇ ಆಯಿತು. ನಲ್ಲಿಯಲ್ಲಿ ಇವತ್ತು ಜನ ಕಡಿಮೆ ಇದ್ದರೇನೋ, ಅಮ್ಮ ಬೇಗ ಬಂದುಬಿಟ್ಟಳು. ಕೊಡ ಇಳಿಸಿ ನಿಂತಳು. ನನ್ನ ಮುಖ ನೋಡಲಿಲ್ಲ, ದಾರ ನೋಡಿದಳು. ಅವಳು ಮೊಣಕಾಲೂರಿ ಕೂತು ದಾರದ ತುದಿಯನ್ನು ಹೆಬ್ಬೆರಳಿನಿಂದ ನೆಲಕ್ಕೆ ಒತ್ತಿ ಹಿಡಿದಳು. ಆಮೇಲೆ, "ಚಪ್ಪಲಿ ಹಾಕ್ಕೊಂಡು ನಿಂತ್ಕೊಳೇ. ಇಲ್ದಿದ್ರೆ ಕೋಲು ಗಿಡ್ಡ ಆಗುತ್ತೆ" ಎಂದಳು. ಚಪ್ಪಲಿ ತಂದು ನನ್ನ ಕಾಲಿಗೆ ಹಾಕಿ, ಮತ್ತೆ ಅಳೆದು, ದಾರವನ್ನು ಹಲ್ಲಿನಿಂದ ಕಡಿದು ಕೊಟ್ಟವಳು ಅವಳೇ.

ಕೋಲನ್ನು ಮನೆಗೇ ಕಳಿಸಿ, ಮಾಮ.