ಸೋಪಿನ ಕಾರ್ಖಾನೆ ಯಾಕೆ ಮುಚ್ಚಿತು

ಏನಯ್ಯಾ ಪ್ರೊಫೆಸರೇ,

ಇದನ್ನು ನಿನಗೆ ಕಳಿಸುವುದಿಲ್ಲ. ಕಳಿಸಿದರೆ ಇದನ್ನೂ ಪಾಠ ಮಾಡಿಬಿಡ್ತೀಯ.

ಇವತ್ತು ನನ್ನ ಮಗಳು ಉದ್ಯಮಶೀಲತೆ ಕ್ಲಾಸಿನ ಪುಸ್ತಕ ಹಿಡಿದು ಅಡುಗೆಮನೆಗೆ ಬಂದಳು. ನಮ್ಮ ಸೋಪಿನ ಕಾರ್ಖಾನೆ ಮುಚ್ಚಿದ ಕತೆ ಅದರಲ್ಲಿ ಒಂದು ಪಾಠ, ಬರೆದವನು ನೀನು. ಮಾಲೀಕನಿಗೆ ಹೆಸರಿಲ್ಲ, ಹಟಮಾರಿ ಅಂತ ಮಾತ್ರ ಇದೆ. ಪಾಲುದಾರ ಅರ್ಧದಲ್ಲೇ ಕೈಕೊಟ್ಟು ಪಿಎಚ್‌ಡಿ ಮಾಡಲು ಓಡಿದ್ದು ಎಲ್ಲೂ ಇಲ್ಲ. ಕೆಳಗೆ ಪ್ರಶ್ನೆ: ಮಾಲೀಕ ಎಲ್ಲಿ ತಪ್ಪಿದ? ಹತ್ತು ಅಂಕ.

"ಅಪ್ಪಾ, ಈ ಮನುಷ್ಯ ಎಂಥ ಪೆದ್ದ ಅಲ್ವಾ?" ಅಂದಳು. ಅವಳು ಹುಟ್ಟುವ ಮೊದಲಿನ ಕತೆ, ಅವಳಿಗೇನು ಗೊತ್ತು.

"ಹೌದಮ್ಮ, ಸ್ನೇಹಿತನನ್ನು ನಂಬಿದ್ದ," ಅಂದೆ.

ನನ್ನ ಮಾನ ತೆಗೆದು ಬಡ್ತಿ ತಗೊಂಡೆಯಲ್ಲ, ನಾಚಿಕೆ ಆಗಲಿಲ್ವಾ ನಿನಗೆ?

ಕೊನೆಯ ಸಾಲು ಅವಳೇ ಗಟ್ಟಿಯಾಗಿ ಓದಿದಳು: 'ಯಂತ್ರಗಳನ್ನು ಸಾಗಿಸಿದ ಮೇಲೆ ಮಾಲೀಕ ಖಾಲಿ ನೆಲವನ್ನು ಎರಡು ಸಲ ಗುಡಿಸಿ, ಬೀಗ ಹಾಕಿದ.'

ಆವತ್ತು ಅಲ್ಲಿ ನಾನೊಬ್ಬನೇ ಇದ್ದೆ ಅಂದುಕೊಂಡಿದ್ದೆ. ಗುಡಿಸಿದ್ದನ್ನು ಹೆಂಡತಿಗೂ ಹೇಳಿಲ್ಲ. ಅಂದರೆ ನೀನು ಬಂದಿದ್ದೆ. ಕಿಟಕಿಯ ಹೊರಗೆ ನಿಂತು ನೋಡಿ, ಹಾಗೇ ವಾಪಸ್ ಹೋದೆ.

ಬಾಗಿಲ ಹಿಂದೆ ಇನ್ನೊಂದು ಪೊರಕೆ ಇತ್ತು ಕಣೋ.